ಹಾಕ್ ಪೀಕ್ ಮತ್ತು ತುಪ್ಪದ ಕೊಳ: ಚಿತ್ರದುರ್ಗದಲ್ಲಿ ಎರಡು ಬೆಟ್ಟ ಹತ್ತಿದ ಕಥನ

ಶುಕ್ರವಾರ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದಾರಿ. ಭರಮಸಾಗರ ದಾಟುವವರೆಗೆ ಎರಡೂ ಬದಿಗೆ ಮೆಕ್ಕೆಜೋಳ ಕಟಾವಾದ ಹೊಲಗಳು. ಆಮೇಲೆ ಬಯಲಿನ ಅಂಚಿನಲ್ಲಿ ಗುಡ್ಡಗಳ ಸಾಲೂ ಅವುಗಳ ನೆತ್ತಿಯ ಮೇಲೆ ನಿಧಾನವಾಗಿ ತಿರುಗುವ ಗಾಳಿಯಂತ್ರಗಳೂ ಕಾಣತೊಡಗುತ್ತವೆ. ಡಿಸೆಂಬರ್ ಕೊನೆಯ ವಾರದ ರಜೆಯಲ್ಲಿ ಅಕ್ಕನ ಮನೆಗೆ ಹೊರಟಿದ್ದ ನನಗೆ ಕೋಟೆಯನ್ನು ಆತುರವಿಲ್ಲದೆ ಒಮ್ಮೆ ನೋಡಬೇಕೆಂಬುದಷ್ಟೇ ಉದ್ದೇಶವಾಗಿತ್ತು. ಆದರೆ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗಳು, ನಾನು ಕೈಕಾಲು ತೊಳೆದು ಕಾಫಿ ಕುಡಿಯುವಷ್ಟರಲ್ಲಿ ಲ್ಯಾಪ್‌ಟಾಪ್ ತಂದು ಎದುರಿಗಿಟ್ಟು, “ಮಾಮ, ನಾಳೆ ಕೋಟೆ ಹತ್ತೋಕೆ ಮುಂಚೆ ಈ ಬೆಟ್ಟ ಒಂದಿಷ್ಟು ಹತ್ತಿ ನೋಡಿ” ಎಂದಳು. ಹೀಗೆ ಈ ಪ್ರವಾಸದಲ್ಲಿ ಹಗಲಿಗೊಂದು ಬೆಟ್ಟ, ರಾತ್ರಿಗೊಂದು ಬೆಟ್ಟ ಎಂದಾಯಿತು; ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಲು ನನಗೆ ಸಾಧ್ಯವಾಗುತ್ತಿಲ್ಲ.

ಆಟದ ಹೆಸರು ‘ಎ ಶಾರ್ಟ್ ಹೈಕ್’. ಅದರ ನಾಯಕಿ ಕ್ಲೇರ್ ಎಂಬ ಹಕ್ಕಿ. ಹಾಕ್ ಪೀಕ್ ಎಂಬ ಬೆಟ್ಟವಿರುವ ದ್ವೀಪದ ಉದ್ಯಾನದಲ್ಲಿ ಕೆಲಸ ಮಾಡುವ ಮೇ ಚಿಕ್ಕಮ್ಮನ ಮನೆಗೆ ಅವಳು ರಜೆಗೆ ಬಂದಿದ್ದಾಳೆ. ಮುಖ್ಯವಾದ ಒಂದು ಫೋನ್ ಕರೆಗಾಗಿ ಕಾಯುತ್ತಿದ್ದಾಳೆ, ಆದರೆ ಅಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಬೇಕೆಂದರೆ ಬೆಟ್ಟದ ತುದಿಗೇ ಹೋಗಬೇಕು. ಕಥೆ ಇಷ್ಟೇ. ಶತ್ರುಗಳಿಲ್ಲ, ಸಾವಿಲ್ಲ, ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಾಗುವುದಿಲ್ಲ, ಗಡಿಯಾರದ ಒತ್ತಡವಿಲ್ಲ. ಪರದೆಯ ಮೂಲೆಯಲ್ಲಿ ನಕ್ಷೆಯೂ ಇಲ್ಲ. ಅದರ ಕೊರತೆಯೂ ಕಾಣುವುದಿಲ್ಲ, ಏಕೆಂದರೆ ಶಿಖರದ ಕಡೆಗೆ ಹೋದರೆ ಏರು, ಕಡಲ ಕಡೆಗೆ ಹೋದರೆ ಇಳಿಜಾರು ಎಂಬುದು ಕಾಲಿಗೇ ತಿಳಿಯುತ್ತದೆ.

ಇದನ್ನು ಬಹುಪಾಲು ಒಬ್ಬರೇ ಕುಳಿತು ಕಟ್ಟಿದವರು ಕೆನಡಾದ ಆಡಮ್ ರಾಬಿನ್ಸನ್-ಯು. ಕೈಯಲ್ಲಿದ್ದ ಇನ್ನೊಂದು ದೊಡ್ಡ ಆಟದ ಕೆಲಸ ಮುಂದೆ ಸಾಗದೆ ನಿಂತಾಗ, ಅದನ್ನು ಬದಿಗಿಟ್ಟು, ಮೂರು ತಿಂಗಳ ಆಸುಪಾಸಿನಲ್ಲಿ ಇದನ್ನು ಮುಗಿಸಿದರಂತೆ. 2019ರ ಜುಲೈನಲ್ಲಿ ಕಂಪ್ಯೂಟರಿಗೆ, ಮರುವರ್ಷ ನಿಂಟೆಂಡೊ ಸ್ವಿಚ್‌ಗೆ, 2021ರಲ್ಲಿ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳಿಗೆ ಬಂದ ಈ ಪುಟ್ಟ ಆಟಕ್ಕೆ 2020ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅತ್ಯುನ್ನತ ಬಹುಮಾನ ಸಿಕ್ಕಿತು. ಈ ವಿವರಗಳನ್ನೆಲ್ಲ ನಮ್ಮ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದಳು. ಸ್ವಂತ ಆಟವೊಂದನ್ನು ಕಟ್ಟಬೇಕೆಂದು ಅವಳ ತಲೆಯಲ್ಲಿ ಬಹಳ ದಿನಗಳಿಂದ ಕುಳಿತಿದೆ ಎಂಬುದು ಅಕ್ಕನಿಗೂ ಭಾವನಿಗೂ ಇನ್ನೂ ಗೊತ್ತಿಲ್ಲ.

ಆಟದ ಹೂರಣವೆಲ್ಲ ಚಿನ್ನದ ಗರಿಗಳಲ್ಲಿದೆ. ಕ್ಲೇರ್‌ಗೆ ತೇಲಿ ಇಳಿಯುವುದು ಹುಟ್ಟಿನಿಂದಲೇ ಬರುತ್ತದೆ, ಏರುವುದು ಬರುವುದಿಲ್ಲ. ಒಂದು ಚಿನ್ನದ ಗರಿ ಸಿಕ್ಕಿದರೆ ಗಾಳಿಯಲ್ಲಿ ಒಂದು ಸಲ ಹೆಚ್ಚಿಗೆ ರೆಕ್ಕೆ ಬಡಿಯಬಹುದು, ಅಥವಾ ಕಡಿದಾದ ಬಂಡೆಗೆ ಅಂಟಿಕೊಂಡು ಅಷ್ಟು ದೂರ ಮೇಲೆ ಹತ್ತಬಹುದು. ಗರಿಗಳು ಮುಗಿದರೆ ಜಾರುತ್ತಾಳೆ. ಕಾಲು ನೆಲಕ್ಕೆ ತಾಗಿದ ಕೂಡಲೇ ಅಷ್ಟೂ ಮರಳಿ ತುಂಬುತ್ತವೆ. ಗರಿಗಳು ಕೆಲವು ಬಂಡೆಯ ಸಂದಿಯಲ್ಲಿ ಸಿಗುತ್ತವೆ, ಕೆಲವನ್ನು ನಾಣ್ಯ ಕೊಟ್ಟು ಕೊಳ್ಳಬೇಕು, ಕೆಲವನ್ನು ದಾರಿಯಲ್ಲಿ ಸಿಕ್ಕವರಿಗೆ ಉಪಕಾರ ಮಾಡಿ ಪಡೆಯಬೇಕು. ಏಳು ಗರಿಗಳಾದರೆ ತುದಿ ಮುಟ್ಟಬಹುದೆಂದು ಆಡಿದವರು ಹೇಳುತ್ತಾರೆ. ನಾನು ಆ ರಾತ್ರಿ ಬೆಟ್ಟದ ಕಡೆ ತಲೆ ಹಾಕದೆ ಕಡಲ ದಂಡೆಯಲ್ಲೇ ಅಲೆದೆ. ಚಿಪ್ಪು ಆಯ್ದುಕೊಡು ಎಂದು ಕೇಳಿದ ಮಗುವಿಗೆ ಚಿಪ್ಪು ಹುಡುಕಿದೆ. ಕೋಲಿನಿಂದ ಚೆಂಡನ್ನು ನೆಲಕ್ಕೆ ಬೀಳದಂತೆ ಆಚೀಚೆ ಬಾರಿಸುವ ಆಟ ಆಡಿದೆ. ಅಕ್ಕ ಮೂರನೆಯ ಸಲ ಊಟಕ್ಕೆ ಕರೆದಾಗ ನನ್ನ ಬಳಿ ಇದ್ದದ್ದು ಎರಡೇ ಗರಿ.

ಶನಿವಾರ

ಬೆಳಿಗ್ಗೆ ಬಿಸಿಲೇರುವ ಮುನ್ನ ಕೋಟೆಯ ಬಾಗಿಲಲ್ಲಿದ್ದೆವು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ 19 ಹೆಬ್ಬಾಗಿಲುಗಳು, 38 ದಿಡ್ಡಿ ಬಾಗಿಲುಗಳು, 35 ಕಳ್ಳಗಂಡಿಗಳು ಇದ್ದವೆಂಬ ಲೆಕ್ಕವನ್ನು ಎಲ್ಲರೂ ಕೇಳಿರುತ್ತಾರೆ. ಆ ಲೆಕ್ಕಕ್ಕಿಂತ ಮುಖ್ಯವಾದದ್ದು ಬಾಗಿಲುಗಳ ನಡುವಿನ ದಾರಿ. ಒಂದು ಬಾಗಿಲನ್ನು ದಾಟಿದವನಿಗೆ ಮುಂದಿನದು ಎದುರಿಗೆ ಕಾಣುವುದಿಲ್ಲ. ಗೋಡೆಯನ್ನು ಬಳಸಿ ಬಲಕ್ಕೆ ಹೊರಳಬೇಕು, ಮತ್ತೆ ಎಡಕ್ಕೆ ಹೊರಳಬೇಕು, ಅಷ್ಟರಲ್ಲಿ ತಲೆಯ ಮೇಲೆ ಎರಡೂ ಕಡೆ ಗೋಡೆಗಳು ಬಗ್ಗಿ ನೋಡುತ್ತಿರುತ್ತವೆ. ಬಾಗಿಲು ಒಡೆಯಲು ಬರುವ ಆನೆಗೆ ಓಡಿ ಬರುವಷ್ಟು ನೇರ ಜಾಗ ಸಿಗಬಾರದು, ಮರದ ದಿಮ್ಮಿ ಹೊತ್ತ ಗುಂಪಿಗೆ ಹಿಂದೆ ಸರಿದು ಗುದ್ದಲು ಅವಕಾಶವಾಗಬಾರದು ಎಂಬುದು ಇದರ ಲೆಕ್ಕಾಚಾರ. ಹಿಂದಿನ ರಾತ್ರಿ ಆಡಿದ ಆಟದ ನೆನಪಿನಲ್ಲಿದ್ದ ನನಗೆ ಇದು ತಟ್ಟನೆ ಹೊಳೆಯಿತು: ಹಾಕ್ ಪೀಕ್ ಬಂದವರೆಲ್ಲ ಹತ್ತಲಿ ಎಂದು ಒಬ್ಬ ಕುಶಲಿ ಕಟ್ಟಿದ ಬೆಟ್ಟ, ಇದು, ಬಂದವರು ಯಾರೂ ಹತ್ತದಿರಲಿ ಎಂದು ತಲೆಮಾರುಗಳ ಕುಶಲಿಗಳು ಕಟ್ಟಿದ ಬೆಟ್ಟ. ಇಬ್ಬರೂ ಮಾಡಿದ ಕೆಲಸ ಒಂದೇ. ಮುಂದಿನ ತಿರುವಿನಲ್ಲಿ ಹತ್ತುವವನಿಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ಮೊದಲೇ ನಿಶ್ಚಯಿಸುವುದು.

ಆಟದಲ್ಲಿ ತಿರುವಿನಾಚೆ ಕಾಣುವುದು ಆಮಿಷ: ಅರ್ಧ ಮರೆಯಾದ ಪೆಟ್ಟಿಗೆ, ದೂರದ ಬಂಡೆಯ ಮೇಲೆ ಮಿನುಗುವ ಗರಿ, ಯಾರದೋ ಡೇರೆ. ಕ್ಯಾಮೆರಾವನ್ನು ಆಡುವವರು ತಿರುಗಿಸುವಂತಿಲ್ಲ. ಅದು ಹಾದಿಗೆ ತಕ್ಕಂತೆ ತಾನೇ ತಿರುಗುತ್ತದೆ, ತೋರಿಸಬೇಕಾದ್ದನ್ನು ತೋರಿಸುತ್ತದೆ. ಇಲ್ಲಿ ಮಾತ್ರ ತಿರುವಿನಾಚೆ ಕಾಣುವುದು ಇನ್ನೊಂದು ಗೋಡೆ. ಗಾರೆಯ ಹಂಗಿಲ್ಲದೆ ಒಂದರ ಮೈಗೆ ಒಂದು ಕೂಡಿಸಿದ ಆ ಕಣಶಿಲೆಯ ದಿಮ್ಮಿಗಳ ಹತ್ತಿರ ನಿಂತು ನೋಡಬೇಕು. ಕೆಲವು ಬಂಡೆಗಳ ಮೈಮೇಲೆ ಬೆರಳುದ್ದದ ಗುಳಿಗಳ ಸಾಲು ಹಾಗೇ ಉಳಿದಿದೆ; ಅಲ್ಲಿ ಬೆಣೆ ಹೊಡೆದು ಬಂಡೆಯನ್ನು ಸೀಳುವವರಿದ್ದರು, ಯಾವ ಕಾರಣಕ್ಕೋ ಸೀಳದೆ ಬಿಟ್ಟಿದ್ದಾರೆ. ಸೋದರಸೊಸೆ ಆ ಗುಳಿಗಳಲ್ಲಿ ಒಂದೊಂದಾಗಿ ಬೆರಳಿಟ್ಟು ನೋಡಿದಳು. ಕೊನೆಯದು ಉಳಿದವುಗಳ ಅರ್ಧದಷ್ಟೂ ಆಳವಿರಲಿಲ್ಲ.

ಮದ್ದು ಬೀಸುವ ಕಲ್ಲುಗಳನ್ನು, ಎಣ್ಣೆಯ ಕೊಳವನ್ನು, ಗರಡಿ ಮನೆಯನ್ನು ಬೇಗ ಬೇಗನೆ ನೋಡಿದೆವು. ಏಕನಾಥೇಶ್ವರಿ ಗುಡಿಯ ಮುಂದೆ ಒಂದು ಶಾಲೆಯ ಮಕ್ಕಳ ತಂಡ ತುಂಬಿತ್ತು. ಉಯ್ಯಾಲೆ ಕಂಬದ ಕೆಳಗೆ ಫೋಟೊ ತೆಗೆಸಿಕೊಳ್ಳಲು ಸರದಿ ನಿಂತಿತ್ತು. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲೆಂದು ತೋರಿಸುವುದನ್ನು ನೋಡಿ ಆ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದರೆ ಅದೇ ಒಂದು ಪ್ರಬಂಧವಾದೀತು.

ತುಪ್ಪದ ಕೊಳದ ಬತೇರಿ ಎಂಬ ಕಾವಲು ಬುರುಜಿಗೆ ಹೋಗುವ ಬಂಡೆಯ ಬುಡಕ್ಕೆ ಬಂದಾಗ ನಾನು ನಿಂತೆ. ಅಲ್ಲಿ ಮೆಟ್ಟಿಲುಗಳೆಂದು ಕರೆಯುವಂಥದ್ದೇನಿಲ್ಲ. ಬೋಳು ಬಂಡೆಯ ಮೈಯಲ್ಲಿ ಅರ್ಧ ಪಾದ ಹಿಡಿಯುವಷ್ಟು ಗುಳಿಗಳನ್ನು ಕಡಿದಿದ್ದಾರೆ, ಅಷ್ಟೇ. ಶತಮಾನಗಳ ಕಾಲುಗಳಿಂದ ಅವುಗಳ ಅಂಚು ನುಣುಪಾಗಿದೆ. ಚಪ್ಪಲಿ ಕೈಯಲ್ಲಿ ಹಿಡಿದು, ಮುಂದಿನ ಗುಳಿ ಎಲ್ಲಿದೆಯೆಂದು ಕಣ್ಣಿಗಿಂತ ಹೆಚ್ಚಾಗಿ ಹೆಬ್ಬೆರಳಿನಿಂದಲೇ ಹುಡುಕುತ್ತಾ ಏರಿದೆ. ಏರುವಾಗ ಭಯವಾಗಲಿಲ್ಲ, ನಡುವೆ ಒಮ್ಮೆ ಹಿಂತಿರುಗಿ ನೋಡಿದಾಗ ಆಯಿತು. ಆಟದಲ್ಲಿ ಹತ್ತುವವಳ ಶಕ್ತಿಗೆ ಲೆಕ್ಕವಿದೆ, ಇಷ್ಟು ಗರಿ, ಇಷ್ಟು ಎತ್ತರ ಎಂದು ಪರದೆಯ ಮೇಲೆ ಕಾಣುತ್ತದೆ. ನಲವತ್ತು ದಾಟಿದ ಮೊಣಕಾಲಿನಲ್ಲಿ ಎಷ್ಟು ಗರಿ ಉಳಿದಿದೆಯೆಂದು ತೋರಿಸುವ ಏರ್ಪಾಡು ನಮ್ಮ ಬದುಕಿನಲ್ಲಿಲ್ಲ. ನನ್ನ ಹಿಂದೆ ಬರುತ್ತಿದ್ದ ಹುಡುಗಿಯಂತೂ ಎರಡು ಕೈ ಊರದೆ ನಡೆದೇ ಬಂದಳು.

ಮೇಲೆ ಗಾಳಿ ಬಲವಾಗಿತ್ತು. ಒಂದು ಕಡೆ ಹಂಚು ಮತ್ತು ತಾರಸಿಗಳ ಊರು, ಅದರಾಚೆ ಹೆದ್ದಾರಿ, ಇನ್ನೊಂದು ಕಡೆ ಗೋಡೆಗಳ ಮೇಲೆ ಗೋಡೆಗಳು. ಕ್ಲೇರ್ ಸಿಗ್ನಲ್‌ಗಾಗಿ ಶಿಖರಕ್ಕೆ ಹೋಗುತ್ತಾಳೆ. ನಮಗೆ ಇಲ್ಲಿ ಸಿಗ್ನಲ್ ತಪ್ಪಿಸಿಕೊಳ್ಳುವುದೇ ಕಷ್ಟ. ಊರು ಕಾಲ ಬುಡದಲ್ಲೇ ಇರುವುದರಿಂದ ಫೋನು ಮನೆಯಲ್ಲಿದ್ದಾಗಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬತೇರಿಯ ಮೇಲೆ ಕುಳಿತ ಹತ್ತು ನಿಮಿಷದೊಳಗೆ ಅಕ್ಕ ಎರಡು ಸಲ ಕರೆ ಮಾಡಿ, ಊಟಕ್ಕೆ ಬರುತ್ತೀರೋ, ಮುದ್ದೆ ತಿರುವಲೋ ಬೇಡವೋ ಎಂದು ವಿಚಾರಿಸಿದಳು.

ಇಳಿಯುವಾಗ ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಕುಳಿತೆವು. ಈ ಕೋಟೆಯಲ್ಲಿ ನನಗೆ ಗೋಡೆಗಳಿಗಿಂತ ದೊಡ್ಡದಾಗಿ ಕಾಣುವುದು ನೀರಿನ ಏರ್ಪಾಡು. ಬಂಡೆಗಳ ಮೇಲೆ ಬಿದ್ದ ಮಳೆನೀರು ಮೇಲಿನ ಹೊಂಡವನ್ನು ತುಂಬಿ, ಅಲ್ಲಿ ಕೋಡಿ ಬಿದ್ದದ್ದು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಊರೊಳಗಿನ ಸಂತೆ ಹೊಂಡದವರೆಗೆ ಮುಟ್ಟುವಂತೆ ಮಾಡಿದ್ದರು. ಈ ಬಯಲುಸೀಮೆಯಲ್ಲಿ ವರ್ಷದ ಮಳೆ ಎಷ್ಟೆಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಹೈದರಾಲಿಯಂಥವನು ಮತ್ತೆ ಮತ್ತೆ ಮುತ್ತಿಗೆ ಹಾಕಬೇಕಾಗಿ ಬಂದದ್ದರಲ್ಲಿ ಕಲ್ಲಿನ ಪಾಲು ಎಷ್ಟೋ ನೀರಿನ ಪಾಲೂ ಅಷ್ಟು ಇದ್ದೀತು. ಕೋಟೆ ಅವನ ಕೈಸೇರಿದ್ದು 1779ರಲ್ಲಿ, ಕೊನೆಯ ಮದಕರಿ ನಾಯಕನ ಕಾಲದಲ್ಲಿ.

ಒನಕೆ ಓಬವ್ವನ ಕಿಂಡಿ ತಣ್ಣೀರು ದೋಣಿಯ ಹತ್ತಿರವಿದೆ. ಹೆಸರು ಕೇಳಿ ಬಂದವರಿಗೆ ಅದು ಇಷ್ಟೇನಾ ಎನಿಸಬಹುದು. ಎರಡು ಬಂಡೆಗಳ ನಡುವೆ ಮೈ ಕುಗ್ಗಿಸಿ ನುಸುಳಬೇಕಾದ ಸಂದು. ನುಸುಳುವಾಗ ತಲೆ ಮೊದಲು ಹೊರಬರುತ್ತದೆ, ಕೈಗಳು ಆಮೇಲೆ. ಕಾವಲುಗಾರನ ಹೆಂಡತಿಯೊಬ್ಬಳು ಒನಕೆ ಹಿಡಿದು ಇಲ್ಲೇಕೆ ನಿಂತಳು, ಒಬ್ಬಳೇ ಅಷ್ಟು ಜನರನ್ನು ಹೇಗೆ ತಡೆದಳು ಎಂಬುದು ಆ ಭಂಗಿಯಲ್ಲಿ ಸಿಕ್ಕಿಕೊಂಡ ಕ್ಷಣದಲ್ಲಿ ತಾನಾಗಿಯೇ ಅರ್ಥವಾಗುತ್ತದೆ.

ಅಲ್ಲಿಂದ ಹೊರಡುವಾಗ, ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಹಗ್ಗವಿಲ್ಲದೆ ಈ ಗೋಡೆಗಳನ್ನು ಹತ್ತುವುದನ್ನು ಚಿಕ್ಕವಳಿದ್ದಾಗ ನೋಡಿದ್ದನ್ನು ಸೊಸೆ ನೆನಪಿಸಿಕೊಂಡಳು. ದಿಮ್ಮಿಗಳ ನಡುವಿನ ಬೆರಳಗಲದ ಸಂದಿಗಳೇ ಅವರಿಗೆ ಮೆಟ್ಟಿಲು. ಯಾರೂ ಹತ್ತದಿರಲಿ ಎಂದು ಕಟ್ಟಿದ ಗೋಡೆಯಲ್ಲೂ ಗಾರೆ ಹಾಕದೆ ಬಿಟ್ಟ ಸಂದಿಯೊಂದು ಕಟ್ಟಿದವರ ಲೆಕ್ಕಕ್ಕೆ ಸಿಗದೆ ಉಳಿಯಿತಲ್ಲ ಎಂದು ನನಗೆ ನಗು ಬಂತು. ಬಂದವರು ಇದನ್ನು ಅನುಕರಿಸಲು ಹೋಗಬಾರದೆಂದು ಬೇರೆ ಹೇಳಬೇಕಿಲ್ಲವಷ್ಟೆ.

ಭಾನುವಾರ

ಜೋಗಿಮಟ್ಟಿಗೆ ಭಾವನ ಬೈಕಿನಲ್ಲಿ ಹೋದೆವು. ಊರಿಗೆ ದಕ್ಷಿಣಕ್ಕಿರುವ ಈ ಕಾಡಿನ ಬೆಟ್ಟ ಸುಮಾರು 1300 ಮೀಟರ್ ಎತ್ತರವಿದೆ. ದಾರಿಯಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯ; ಬರುವಾಗ ನೋಡೋಣವೆಂದು ಬಿಟ್ಟವರು ಬರುವಾಗಲೂ ನೋಡಲಿಲ್ಲ. ಮೇಲೆ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಗಾಳಿಯ ಸದ್ದಿನಲ್ಲಿ ಮಾತು ಕೇಳದೆ ಇಬ್ಬರೂ ಸುಮ್ಮನಾದೆವು. ನವಿಲಿನ ಕೂಗು ಎರಡು ಕಡೆಯಿಂದ ಬಂತು, ನವಿಲು ಮಾತ್ರ ಕಾಣಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ನಾನೇ ಲ್ಯಾಪ್‌ಟಾಪ್ ಕೇಳಿದೆ. ಗರಿಗಳು ಸಾಕಷ್ಟು ಕೂಡಿದ್ದರಿಂದ ಈ ಸಲ ನೇರವಾಗಿ ಬೆಟ್ಟಕ್ಕೆ ನಡೆದೆ, ಅಂದರೆ ನೇರವಾಗಿ ನಡೆಯಬೇಕೆಂದು ಹೊರಟೆ. ದಾರಿಯಲ್ಲಿ ಚಿತ್ರ ಬರೆಯುವವನೊಬ್ಬ ಸಿಕ್ಕಿದ. ಅವನಿಗೆ ತನ್ನ ಚಿತ್ರವೇ ಹಿಡಿಸುವುದಿಲ್ಲ, ಜಾಗ ಬದಲಿಸಿ ಬದಲಿಸಿ ಕುಳಿತುಕೊಳ್ಳುತ್ತಾನೆ. ಮೀನು ಹಿಡಿಯುವವರು, ಓಟದ ಪಂದ್ಯಕ್ಕೆ ಕರೆಯುವವರು, ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಸಣ್ಣ ಚಿಂತೆಯಲ್ಲಿ ಮುಳುಗಿದವರು. ಈ ಪಾತ್ರಗಳ ಮಾತುಗಳು ಎರಡು ಮೂರು ಸಾಲಿನಲ್ಲಿ ಮುಗಿಯುತ್ತವೆ, ಆದರೆ ಮಾತು ಮುಗಿದ ಮೇಲೂ ಅವರ ಗುಣ ನೆನಪಿನಲ್ಲಿ ಉಳಿಯುತ್ತದೆ. ಇಂಥ ಬರವಣಿಗೆ ಸುಲಭವಲ್ಲ. ನನ್ನ ದೃಷ್ಟಿಯಲ್ಲಿ ಆಟದ ಜೀವ ಅದರ ಚಿತ್ರಗಳಿಗಿಂತ ಹೆಚ್ಚಾಗಿ ಈ ಮಿತಭಾಷೆಯಲ್ಲಿದೆ. ಚಿತ್ರಗಳೂ ಹಗುರವಲ್ಲ, ಹಳೆಯ ಕೈ ಗೇಮ್‌ಗಳ ಪರದೆಯಂತೆ ಒಡೆದ ಚುಕ್ಕಿಗಳಲ್ಲಿ ಮೂಡುವ ಶರತ್ಕಾಲದ ಬಣ್ಣಗಳು ಮೊದಲ ನೋಟಕ್ಕೆ ಒರಟಾಗಿ ಕಂಡರೂ ಬೇಗನೆ ಕಣ್ಣಿಗೆ ಹೊಂದಿಕೊಳ್ಳುತ್ತವೆ.

ಸಂಗೀತ ಮಾರ್ಕ್ ಸ್ಪಾರ್ಲಿಂಗ್ ಅವರದು. ಹಾದಿಯ ಎತ್ತರಕ್ಕೂ ಹಾರಾಟಕ್ಕೂ ತಕ್ಕಂತೆ ಅದರಲ್ಲಿ ವಾದ್ಯಗಳು ಸೇರುತ್ತವೆ, ಬಿಡುತ್ತವೆ; ಹೊಸ ಹಾಡು ಶುರುವಾಯಿತೆಂದು ಎಲ್ಲೂ ಅನಿಸುವುದಿಲ್ಲ. ಬೇಕೆಂದೇ ನಾನು ಒಂದೇ ಬಂಡೆಯನ್ನು ಹತ್ತಿ, ಹಾರಿ, ಮತ್ತೆ ಹತ್ತಿ ಆ ಬದಲಾವಣೆಯನ್ನು ಕೇಳಿಸಿಕೊಂಡೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ, “ಅದೇ ಕಲ್ಲನ್ನ ಎಷ್ಟು ಸಲ ಹತ್ತುತೀಯೋ, ಮುಂದಕ್ಕೆ ಹೋಗೋ” ಎಂದು ಗದರಿದಳು. ಅವಳಿಗೂ ತುದಿಯಲ್ಲಿ ಏನಿದೆಯೆಂದು ತಿಳಿಯಬೇಕಾಗಿತ್ತು.

ತುದಿಯ ಹತ್ತಿರ ಆಟ ಮೊದಲ ಬಾರಿಗೆ ಸ್ವಲ್ಪ ಬಿಗಿಯಾಗುತ್ತದೆ. ಹಿಮದ ಸೀಮೆಯಲ್ಲಿ ಗರಿಗಳು ಹೆಪ್ಪುಗಟ್ಟುತ್ತವೆ. ಕಾಲು ನೆಲಕ್ಕೆ ತಾಗಿದರೂ ಮರಳಿ ತುಂಬುವುದಿಲ್ಲ, ಬಿಸಿನೀರಿನ ಬುಗ್ಗೆಯಿದ್ದಲ್ಲಿ ಮಾತ್ರ ಕರಗುತ್ತವೆ. ಅಷ್ಟು ಹೊತ್ತು ಉದಾರವಾಗಿ ಕೊಟ್ಟದ್ದನ್ನು ಇಲ್ಲಿ ಎಣಿಸಿ ಖರ್ಚು ಮಾಡಬೇಕಾಗುತ್ತದೆ. ನನ್ನ ಕೊನೆಯ ಗರಿ ತೀರಿದ ಗೇಣು ದೂರದಲ್ಲಿ ಕ್ಲೇರ್ ತುದಿಯ ಅಂಚು ಹಿಡಿದಳು. ಫೋನು ಬಂತು. ಆ ಕರೆ ಯಾರದು, ಏನೆಂಬುದನ್ನು ಇನ್ನೂ ಆಡದವರಿಗಾಗಿ ಬಿಡುತ್ತೇನೆ. ಇಷ್ಟು ಮಾತ್ರ ಹೇಳಬಹುದು: ಅಷ್ಟು ಹೊತ್ತು ಚಿಪ್ಪು ಆಯ್ದು, ಮೀನು ಹಿಡಿದು ಕಾಲ ಕಳೆದದ್ದು ಸುಮ್ಮನೆ ಅಲ್ಲ, ಅವಳು ಮನಸ್ಸಿನಲ್ಲಿಟ್ಟುಕೊಂಡ ಆತಂಕವನ್ನು ಮರೆಯಲು ಮಾಡಿದ್ದು ಎಂದು ಆಗ ಗೊತ್ತಾಗುತ್ತದೆ. ಅವರೆಕಾಯಿಯ ಮೇಲಿದ್ದ ಅಕ್ಕನ ಕೈ ನಿಂತಿತ್ತು. ಆಮೇಲೆ ಶಿಖರದಿಂದ ಮನೆಯವರೆಗೆ ತೇಲಿ ಇಳಿಯುವುದು. ಗಂಟೆಗಟ್ಟಲೆ ಏರಿದ ದ್ವೀಪವೆಲ್ಲ ಕೆಳಗೆ ಒಂದೇ ನೋಟಕ್ಕೆ ಹರಡಿಕೊಳ್ಳುತ್ತದೆ. ಆತುರದವರು ಒಂದೂವರೆ ಗಂಟೆಯಲ್ಲಿ ಮುಗಿಸುವ ಆಟವಂತೆ ಇದು. ಆತುರದವರು ಇದನ್ನು ಏಕೆ ಆಡಬೇಕು ಎಂಬುದು ನನಗೆ ತಿಳಿಯದು.

ಸೋಮವಾರ

ಹೊರಡುವ ಮುನ್ನ ಚಂದ್ರವಳ್ಳಿಯನ್ನು ನೋಡಿದೆವು. ಮೂರು ಗುಡ್ಡಗಳ ನಡುವೆ ಕೆರೆ. ಅದರ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ. 1929ರ ಹೊತ್ತಿನಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಸಿಕ್ಕವು. ಅಂಕಲಿ ಮಠದ ಗುಹೆಯ ಕತ್ತಲ ಕೋಣೆಗಳಲ್ಲಿ ಟಾರ್ಚ್ ಹಿಡಿದವರ ಹಿಂದೆ ತಲೆ ತಗ್ಗಿಸಿ ನಡೆದು ಹೊರಬಂದ ಮೇಲೆ, ಕೆರೆಯ ಏರಿಯ ಮೇಲೆ ಕುಳಿತು ಸೊಸೆ ತನ್ನ ಆಟದ ವಿಚಾರವನ್ನು ಬಿಚ್ಚಿಟ್ಟಳು.

ಅವಳ ಆಟ ನಡೆಯುವುದು ಚಿತ್ರದುರ್ಗದ ಕೋಟೆಯಲ್ಲಿ. ನಾಯಕ ಕೋತಿ ಇರಬಹುದೆಂದು ನಾನು ಊಹಿಸಿದೆ, ಅವಳು ತಲೆಯಾಡಿಸಿದಳು. ಉಡ. ಹಗ್ಗ ಕಟ್ಟಿ ಎಸೆದರೆ ಗೋಡೆಯನ್ನು ಕಚ್ಚಿ ಹಿಡಿಯುತ್ತಿತ್ತು, ಅದನ್ನು ನೆಚ್ಚಿ ಸೈನಿಕರು ಕೋಟೆ ಹತ್ತುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದ ಕಥೆಯ ಉಡವೇ. ಕಥೆ ನಿಜವೋ ಅಲ್ಲವೋ, ಉಡದ ಪಟ್ಟು ಎಂದರೆ ಏನೆಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಗರಿಗೆ ಬದಲಾಗಿ ಅದಕ್ಕೆ ನೀರು. ಪ್ರತಿ ಹೊಂಡದಲ್ಲಿ ಕುಡಿದಷ್ಟು ಹೊತ್ತು ಪಟ್ಟು ಉಳಿಯುತ್ತದೆ. ಕೆಳಗಿನ ಸಂತೆ ಹೊಂಡದಿಂದ ಶುರುಮಾಡಿ, ಅಕ್ಕ-ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡ ಎಂದು ನೀರು ಇಳಿದು ಬಂದ ದಾರಿಯಲ್ಲೇ ಅದು ಹಿಂದಕ್ಕೆ ಏರಬೇಕು. ತುಪ್ಪದ ಕೊಳದ ಬಂಡೆ ಕೊನೆಯದು, ಅಲ್ಲಿ ಕುಡಿಯಲು ಹನಿಯಿಲ್ಲ.

ಇದು ಬಹಳ ಒಳ್ಳೆಯ ಯೋಚನೆ ಎಂದೆ, ನಿಜಕ್ಕೂ ಹಾಗೆನಿಸಿತು. ಆದರೆ ಒಂದು ತೊಡಕಿತ್ತು. ಶತ್ರುಗಳಿಲ್ಲದ ಆಟವೆಂದ ಮೇಲೆ ಓಬವ್ವ ಎಲ್ಲಿ ನಿಲ್ಲಬೇಕು? ಅವಳಿಲ್ಲದ ಚಿತ್ರದುರ್ಗವನ್ನು ಚಿತ್ರದುರ್ಗದವರು ಒಪ್ಪುವುದಿಲ್ಲ. ಅವಳನ್ನು ತಂದರೆ ಒನಕೆ ಬರುತ್ತದೆ, ಒನಕೆ ಬಂದರೆ ಕಿಂಡಿಯಲ್ಲಿ ತಲೆಗಳು ಬರುತ್ತವೆ, ಆಗ ಅದು ವಿಶ್ರಾಂತಿಯ ಆಟವಾಗಿ ಉಳಿಯುವುದಿಲ್ಲ. ಅವಳು ಇದನ್ನೂ ಯೋಚಿಸಿದ್ದಳು. ಆಟ ನಡೆಯುವುದು ಈಗಿನ ಕೋಟೆಯಲ್ಲಿ, ರಜೆಯ ದಿನ: ಸರದಿಯಲ್ಲಿ ಜಗಳವಾಡುವ ಶಾಲೆಯ ಮಕ್ಕಳು, ಒಂದೇ ಕಥೆಯನ್ನು ದಿನವಿಡೀ ಹೇಳಿ ಗಂಟಲು ಒಣಗಿದ ಗೈಡ್, ಚುರುಮುರಿಯ ಗಾಡಿ. ಕಿಂಡಿಯ ಹತ್ತಿರ ಒಬ್ಬಳು ಹೆಂಗಸು ಕೊಡ ತುಂಬಿಸುತ್ತಾ ನಿಂತಿರುತ್ತಾಳೆ. ಅವಳ ಹೆಸರನ್ನು ಆಟ ಎಲ್ಲೂ ಹೇಳುವುದಿಲ್ಲ. ಉಡ ಆ ಸಂದಿಯಿಂದ ತಲೆ ಹೊರಹಾಕಿದರೆ ಅವಳು ಬಗ್ಗಿ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ.

“ಹೆಸರು ಹೇಳದಿದ್ದರೆ ಬೇರೆ ಊರಿನವರಿಗೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದೆ.

“ಗೊತ್ತಾಗದಿದ್ದರೂ ನಡೆಯುತ್ತೆ ಮಾಮ, ನಮ್ಮೂರಿನವರಿಗೆ ಗೊತ್ತಾದರೆ ಸಾಕು” ಎಂದಳು. ನನಗೆ ಈಗಲೂ ಒಪ್ಪಿಗೆಯಿಲ್ಲ. ಕಲ್ಲಿನ ಮೇಲೆ ಪುಟ್ಟ ಫಲಕವಾದರೂ ಇರಬೇಕೆಂದು ಬಸ್ ನಿಲ್ದಾಣದವರೆಗೂ ವಾದಿಸಿದೆ. ಫಲಕದ ಬದಲು ಒರಗಿಸಿಟ್ಟ ಒನಕೆಯೊಂದನ್ನು ಬರೆಯುತ್ತೇನೆ, ಅದಕ್ಕಿಂತ ಹೆಚ್ಚಿಗೆ ಕೇಳಬೇಡಿ ಎಂದು ಅವಳು ಚೌಕಾಸಿ ಮುಗಿಸಿದಳು.